ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮೊಬೈಲ್ ಬಳಸಿ ಬೇರೆ ಶಿಕ್ಷಕರ ಜೊತೆ ಕಲಿಯುವುದು ಹೇಗೆ?

ಯಾದಗಿರಿ ಜಿಲ್ಲೆಯ ಹಳ್ಳಿ ಶಾಲೆಗೆ ಹೊಸದಾಗಿ ಬಂದಿದ್ದೀರಿ, ಇರುವುದು ಇಬ್ಬರೇ ಶಿಕ್ಷಕರು, ಫೋನ್ ಮೂಲಕ ಬೇರೆಯವರ ಜೊತೆ ಸೇರಿ ಕಲಿಯಲು ನಿಜವಾಗಿ ಆಗುತ್ತದಾ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಖಂಡಿತ ಆಗುತ್ತದೆ. ನಾನು ಶಹಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಯಾವ ಆಪ್ ಒಳ್ಳೆಯದು ಎಂದು ಹುಡುಕುವ ಮೊದಲು, ನಿಮ್ಮ ತರಗತಿಯಲ್ಲಿ ಬಗೆಹರಿಯದ ಒಂದು ವಿಷಯವನ್ನು ಇಬ್ಬರು ಮೂವರ ಮುಂದೆ ಇಡಿ. ನೂರಾರು ಶಿಕ್ಷಕರಿರುವ ವಾಟ್ಸಾಪ್ ಗುಂಪಿನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಸುತ್ತೋಲೆ ಬರುತ್ತದೆ, ಮಾಹಿತಿ ಕೇಳುತ್ತಾರೆ. "ನನಗೆ ಇದನ್ನು ಕಲಿಸಲು ಬರುತ್ತಿಲ್ಲ" ಎಂದು ಅಲ್ಲಿ ಬರೆಯಲು ಯಾರಿಗೆ ತಾನೇ ಧೈರ್ಯ ಬರುತ್ತದೆ? ನನಗೂ ಬಂದಿರಲಿಲ್ಲ. ನಾವು ನಾಲ್ವರೇ ಬೇರೆ ಗುಂಪು ಮಾಡಿಕೊಂಡೆವು. ಒಬ್ಬರು ವಡಗೇರಾ ಕಡೆಯವರು, ಇಬ್ಬರು ಸುರಪುರ ಕಡೆಯವರು.

ಮೊದಲು ನಾನು ಹಾಕಿದ್ದು ನಾಲ್ಕನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ಕಿನ ಫೋಟೊ. 402ರಲ್ಲಿ 178 ಕಳೆದು 376 ಎಂದು ಬರೆದಿದ್ದಳು. ಮೂರು ಸಲ ಹೇಳಿಕೊಟ್ಟಿದ್ದೆ, ಮೂರು ಸಲವೂ ಅದೇ ಉತ್ತರ. ವಡಗೇರಾದ ಗೆಳತಿ ವಾಯ್ಸ್ ಮೆಸೇಜ್ ಕಳಿಸಿದರು: "ನೀವು ಹೇಳಿಕೊಡಬೇಡಿ, ಹೇಗೆ ಮಾಡಿದೆ ಅಂತ ಅವಳನ್ನೇ ಕೇಳಿ." ಮರುದಿನ ಕೇಳಿದೆ. "ಎರಡರಾಗ ಎಂಟು ಹೋಗಂಗಿಲ್ರಿ, ಅದಕ್ಕ ಎಂಟರಾಗ ಎರಡು ಕಳದೀನ್ರಿ" ಎಂದಳು. ಸೊನ್ನೆಯ ಕೆಳಗಿನ ಏಳನ್ನೂ ಹಾಗೆಯೇ ಏಳಾಗಿ ಇಳಿಸಿದ್ದಳು. ಅವಳು ಸುಮ್ನೆ ತಪ್ಪು ಮಾಡಿರಲಿಲ್ಲ, ತನ್ನದೇ ಒಂದು ನಿಯಮ ಹಿಡಿದು ನಡೆದಿದ್ದಳು! ಅದು ನನಗೆ ಅಷ್ಟು ದಿನ ಕಂಡಿರಲಿಲ್ಲ.

ಆಮೇಲೆ ನಾಲ್ವರೂ ಸೇರಿ ಪಾಠ ಯೋಚಿಸಿದೆವು. ತೊಗರಿ ಕಟ್ಟಿಗೆಯ ಸಣ್ಣ ಕಡ್ಡಿಗಳನ್ನು ಮಕ್ಕಳೇ ಹತ್ತರ ಕಟ್ಟು, ನೂರರ ಕಟ್ಟು ಮಾಡಿದರು. 402 ಎಂದರೆ ನೂರರ ಕಟ್ಟು ನಾಲ್ಕು, ಬಿಡಿ ಕಡ್ಡಿ ಎರಡು. 178 ಕಳೆಯಲು ಮೊದಲು ಎಂಟು ಬಿಡಿ ಕೊಡಬೇಕು, ಇರುವುದು ಎರಡು. ಬಿಚ್ಚಲು ಹತ್ತರ ಕಟ್ಟೇ ಇಲ್ಲ. ಹಾಗಾಗಿ ನೂರರ ಕಟ್ಟು ಬಿಚ್ಚಿ ಹತ್ತರ ಹತ್ತು ಕಟ್ಟು ಮಾಡಿಕೊಂಡರು, ಅದರಲ್ಲಿ ಒಂದನ್ನು ಬಿಚ್ಚಿದರು. ಈಗ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಅದರಲ್ಲಿ 178 ತೆಗೆದ ಮೇಲೆ ಉಳಿದಿದ್ದು 224. ಸುರಪುರ ಕಡೆಯ ಇಬ್ಬರೂ ಇದೇ ಪಾಠ ಮಾಡಿ, ಎಲ್ಲಿ ಮಕ್ಕಳು ತಡವರಿಸಿದರು ಎಂದು ನಾಲ್ವರೂ ಫೋನಿನಲ್ಲೇ ತೆರೆದು ಬರೆಯಬಹುದಾದ ಗೂಗಲ್ ಶೀಟಿನಲ್ಲಿ ಬರೆದರು. ಕನ್ನಡ ಟೈಪ್ ಮಾಡುವುದು ಕಷ್ಟ ಎನಿಸಿದರೆ ಫೋನಿನ ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ.

ಶಾಲಾ ಪಾಠಗಳಿಗೆ ಮತ್ತು ಶಿಕ್ಷಕರ ತರಬೇತಿಗೆ ಸರ್ಕಾರದ ದೀಕ್ಷಾ ಆಪ್ 2017ರಿಂದ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೊ ಸಿಗುತ್ತದೆ, ನೆಟ್‌ವರ್ಕ್ ಇರುವ ಕಡೆ ಡೌನ್‌ಲೋಡ್ ಮಾಡಿಕೊಂಡು ಹೋಗಿ. 2020ರಲ್ಲಿ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿಯಾದ ನಿಷ್ಠಾ ಕೂಡ ಇದರಲ್ಲೇ ಆನ್‌ಲೈನ್ ಆಯಿತು. ಕೋರ್ಸ್ ಮಾಡುವಾಗ ಒಬ್ಬರೇ ಕೂರಬೇಡಿ. ಒಂದು ಭಾಗ ಮುಗಿಸಿ, ಅದರಲ್ಲಿನ ಒಂದು ವಿಷಯವನ್ನು ತರಗತಿಯಲ್ಲಿ ಮಾಡಿ ನೋಡಿ, ಸಂಜೆ ಫೋನಿನಲ್ಲಿ ಮಾತಾಡಿ. ಹಾಗೆ ಮಾಡಿದ್ದೇ ನನಗೆ ಜಾಸ್ತಿ ನೆನಪಿದೆ. ವಿಜ್ಞಾನಕ್ಕೆ ಫೆಟ್ (PhET) ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಕನ್ನಡದಲ್ಲೂ ಇವೆ. ಗಣಿತಕ್ಕೆ ಆಕೃತಿ, ನಕ್ಷೆ ಬರೆದು ನೋಡುವ ಜಿಯೋಜೀಬ್ರಾ (GeoGebra) ಇದೆ. ಎರಡೂ ಉಚಿತ, ಡೌನ್‌ಲೋಡ್ ಮಾಡಿಟ್ಟರೆ ಇಂಟರ್ನೆಟ್ ಬೇಕಿಲ್ಲ.

ಒಂದು ಮಾತ್ರ ತಪ್ಪದೆ ಪಾಲಿಸಿ. ಮಗುವಿನ ಮುಖ, ಹೆಸರು ಫೋಟೊದಲ್ಲಿ ಬರಬಾರದು. ನೋಟ್‌ಬುಕ್ಕಿನ ಆ ಲೆಕ್ಕ ಇರುವಷ್ಟು ಭಾಗ ಸಾಕು. ತನ್ನ ತಪ್ಪು ಊರೂರು ಸುತ್ತುವುದು ಯಾವ ಮಗುವಿಗೆ ಇಷ್ಟ ಆಗುತ್ತದೆ, ಅಲ್ವಾ?

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನಿಮ್ಮ ಪಕ್ಕ ಕೂತವರ ನಂಬರ್ ಇದ್ದೇ ಇರುತ್ತದೆ. ನಾಳೆ ತಿದ್ದುವ ನೋಟ್‌ಬುಕ್ಕುಗಳಲ್ಲಿ ನಿಮಗೆ ಅರ್ಥವಾಗದ ಒಂದು ಉತ್ತರ ಸಿಕ್ಕರೆ ಅವರಿಗೆ ಕಳಿಸಿ, "ಈ ಮಗು ಹೀಗ್ಯಾಕೆ ಬರೆದಿರಬಹುದು?" ಎಂದಷ್ಟೇ ಕೇಳಿ.