ಕಣತಲೆಯ ರಕ್ತನಾಳದ ಉರಿಯೂತವನ್ನು ಬಯಾಪ್ಸಿ ಇಲ್ಲದೆ ಸ್ಕ್ಯಾನಿಂಗ್‌ನಿಂದಲೇ ಗುರುತಿಸಬಹುದೇ?

ಕೊಪ್ಪಳದಲ್ಲಿರುವ ನಿಮ್ಮ 72 ವರ್ಷದ ತಾಯಿಯವರಿಗೆ ಟೆಂಪೊರಲ್ ಆರ್ಟರೈಟಿಸ್, ಅಂದರೆ ಕಣತಲೆಯ ರಕ್ತನಾಳದ ಉರಿಯೂತ, ಇರಬಹುದೆಂಬ ಸಂಶಯದಿಂದ ವೈದ್ಯರು ಬಯಾಪ್ಸಿ (ನಾಳದ ತುಣುಕು ತೆಗೆದು ಪರೀಕ್ಷಿಸುವುದು) ಬರೆದುಕೊಟ್ಟಿದ್ದಾರೆಂದೂ, ಚರ್ಮ ಕೊಯ್ಯದೆ ತಿಳಿಯುವ ದಾರಿ ಇದೆಯೇ ಎಂದೂ ಕೇಳಿದ್ದೀರಿ. ಬಳ್ಳಾರಿಯಲ್ಲಿ ಸ್ಕ್ಯಾನಿಂಗ್ ಮಾಡುವ ವೈದ್ಯನಾಗಿ ಹೇಳುವುದಾದರೆ, ದಾರಿ ಇದೆ. ರೋಗಲಕ್ಷಣಗಳು ಸ್ಪಷ್ಟವಾಗಿರುವವರಲ್ಲಿ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ಅಲ್ಟ್ರಾಸೌಂಡ್ ಒಂದೇ ಸಾಕಾಗುವುದುಂಟು.

ಉರಿಯೂತವಾದ ರಕ್ತನಾಳದ ಗೋಡೆ ಬಾತುಕೊಳ್ಳುವುದರಿಂದ, ಹರಿಯುವ ರಕ್ತದ ಬಣ್ಣದ ಸುತ್ತ, ಚಂದ್ರನಿಗೆ ಗುಡಿ ಕಟ್ಟಿದ ಹಾಗೆ, ಒಂದು ಕಪ್ಪು ಬಳೆ ಕಾಣುತ್ತದೆ. ಇದಕ್ಕೆ ಹಾಲೊ ಎನ್ನುತ್ತಾರೆ; ಜರ್ಮನಿಯ ವೋಲ್ಫ್‌ಗ್ಯಾಂಗ್ ಶ್ಮಿಟ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ವಿವರವಾಗಿ ವರದಿ ಮಾಡಿದರು. ನಾನು ಇದಕ್ಕಿಂತಲೂ ಹೆಚ್ಚು ನೆಚ್ಚುವುದು ಚರ್ಮದ ಮೇಲಿಡುವ ಸ್ಕ್ಯಾನಿಂಗ್ ಉಪಕರಣವಾದ ಪ್ರೋಬನ್ನು ಒತ್ತಿ ನೋಡುವುದನ್ನು: ಆರೋಗ್ಯವಾಗಿರುವ ನಾಳ ಒತ್ತಿದೊಡನೆ ಪರದೆಯಿಂದ ಮಾಯವಾಗುತ್ತದೆ, ಉರಿಯೂತವಾದದ್ದು ಎಷ್ಟು ಒತ್ತಿದರೂ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಕಣತಲೆಯ ಮುಖ್ಯ ನಾಳದ ಗೋಡೆ ಸುಮಾರು 0.4 ಮಿಲಿಮೀಟರ್ ದಾಟಿದರೆ ಸಂಶಯಪಡಬೇಕಾದ್ದರಿಂದ, 15 ಮೆಗಾಹರ್ಟ್ಸ್‌ಗಿಂತ ಕಡಿಮೆಯ ಪ್ರೋಬ್ ಇಲ್ಲಿ ಪ್ರಯೋಜನಕ್ಕೆ ಬಾರದು. ಹೊರಡುವ ಮುನ್ನ ಫೋನ್ ಮಾಡಿ ಇದೊಂದನ್ನು ಕೇಳಿಕೊಳ್ಳಿ. ಎರಡೂ ಕಣತಲೆಗಳ ಜೊತೆಗೆ ಕಂಕುಳಿನ ನಾಳಗಳನ್ನೂ ನೋಡಬೇಕು, ಏಕೆಂದರೆ ಕೆಲವರಲ್ಲಿ ರೋಗ ಅಲ್ಲಿ ಮಾತ್ರ ಸಿಗುತ್ತದೆ. ವಯಸ್ಸಿನಿಂದ ಗಡುಸಾದ ನಾಳವೂ ದಪ್ಪವಾಗಿ ಕಂಡು ಮೋಸಗೊಳಿಸುವುದುಂಟು. ಆದ್ದರಿಂದ ನೋಡುವವರಿಗೆ ಕೈ ಪಳಗಿರಬೇಕು.

ರೋಗಲಕ್ಷಣಗಳು ಸ್ಪಷ್ಟವಾಗಿದ್ದ ಸಿರುಗುಪ್ಪದ ಕಡೆಯ ಅಜ್ಜಿಯೊಬ್ಬರು ಕಟಕ್ ರೊಟ್ಟಿ ಅರ್ಧ ಅಗಿಯುವಷ್ಟರಲ್ಲಿ ದವಡೆ ಸೋತು ನಿಲ್ಲಿಸುತ್ತಿದ್ದರು. ಹಲ್ಲಿನ ದೋಷವೆಂದು ಎರಡು ಹಲ್ಲು ಕೀಳಿಸಿಯೂ ಆಗಿತ್ತು. ಬಾಚಣಿಗೆ ತಾಗಿದರೂ ಅವರ ತಲೆ ನೋಯುತ್ತಿತ್ತು. ಎರಡೂ ಬದಿಯಲ್ಲಿ ಹಾಲೊ ಕಂಡಿತು. ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎರಡೂ ಏರಿದ್ದವು. ಬಯಾಪ್ಸಿಯ ಅಗತ್ಯ ಬೀಳಲಿಲ್ಲ.

ಚಿತ್ರ ಎದ್ದು ಕಾಣಲು ಚುಚ್ಚುವ ಗ್ಯಾಡೊಲಿನಿಯಂ ಎಂಬ ದ್ರಾವಣ ಕೊಟ್ಟು 3 ಟೆಸ್ಲಾ ಯಂತ್ರದಲ್ಲಿ ಮಾಡುವ ಎಂಆರ್‌ಐ ಕೂಡ ತಲೆಯ ನಾಳಗಳ ಗೋಡೆಯನ್ನು ಚೆನ್ನಾಗಿ ತೋರಿಸುತ್ತದೆ, ಆದರೆ ಮೊದಲು ಮೂತ್ರಪಿಂಡದ ಪರೀಕ್ಷೆಯಾಗಿರಬೇಕು. ಮಹಾಪಧಮನಿಗೂ ಉರಿಯೂತ ಹಬ್ಬಿದೆಯೇ ಎಂದು ನೋಡಲು ಪೆಟ್ ಸ್ಕ್ಯಾನ್ ಒಳ್ಳೆಯದು. ದುಬಾರಿಯಾದ್ದರಿಂದ ಮೊದಲಿಗೇ ಅದಕ್ಕೆ ಓಡಬೇಕಾಗಿಲ್ಲ. ಬರಿಯ ಸಿಟಿ ಸ್ಕ್ಯಾನ್‌ನಿಂದ ಕಣತಲೆಯ ನಾಳದ ವಿಷಯ ತಿಳಿಯದು.

ಈ ರೋಗಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ ಆರಂಭಿಸಿದ ಮೇಲೆ ಹಾಲೊ ಬೇಗ ಕರಗುತ್ತದೆ. ಸ್ಕ್ಯಾನಿಂಗ್ ಮಾತ್ರೆ ಆರಂಭಿಸಿದ 72 ಗಂಟೆಯೊಳಗೆ ಆದರೆ ಉತ್ತಮವೆಂದು ಯುರೋಪಿನ 2023ರ ಮಾರ್ಗಸೂಚಿ ಹೇಳುತ್ತದೆ. ಹಾಗೆಂದು ವೈದ್ಯರು ಬರೆದ ಮಾತ್ರೆಯನ್ನು ಸ್ಕ್ಯಾನಿಂಗ್ ಆಗಲೆಂದು ತಡೆಹಿಡಿಯಬಾರದು: ಈ ರೋಗದಲ್ಲಿ ಒಮ್ಮೆ ಹೋದ ದೃಷ್ಟಿ ಮರಳುವುದು ಅಪರೂಪ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ವೈದ್ಯರ ಸಂಶಯ ಗಟ್ಟಿಯಾಗಿದ್ದರೆ ಬಯಾಪ್ಸಿಗೆ ಒಪ್ಪಿಕೊಳ್ಳಿ. ತಾಯಿಯವರಿಗೆ ಮಾತ್ರೆ ಯಾವ ದಿನ ಆರಂಭವಾಯಿತೆಂದು ನೀವು ಬರೆದಿಲ್ಲ. ಸ್ಕ್ಯಾನಿಂಗ್‌ಗೆ ಹೋಗುವಾಗ ಆ ದಿನಾಂಕವಿರುವ ಚೀಟಿಯನ್ನು ಮರೆಯದೆ ಒಯ್ಯಿರಿ.