ಬಟ್ಟೆ ಟಾಪೋ, ಗಟ್ಟಿ ಟಾಪೋ?

ಪ್ರಶ್ನೆ: ವಾಸ್ಕೋದಲ್ಲಿದ್ದೇನೆ. ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಜೆಡ್4 (ಟಾಪ್, ಅಂದರೆ ಚಾವಣಿ, ತೆರೆಯುವ ಎರಡು ಸೀಟಿನ ಕಾರು) ನೋಡುತ್ತಿದ್ದೇನೆ. 2012ರದ್ದಕ್ಕೆ ಮಡಚುವ ಗಟ್ಟಿ ಟಾಪ್, 2019ರದ್ದಕ್ಕೆ ಬಟ್ಟೆ ಟಾಪ್. ಗೋವಾ ಮಳೆಗೆ ಯಾವುದು ಸರಿ?

ಉತ್ತರ: ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಸರ್? ಮಾವಿನ ಮರದ ಕೆಳಗಾದರೆ ಗಟ್ಟಿ ಟಾಪೇ ತಗೊಳ್ಳಿ, ಒದ್ದೆ ಎಲೆ ಬಿದ್ದು ಬಿದ್ದು ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಶೆಡ್ ಇದ್ದರೆ ನನ್ನ ಓಟು ಬಟ್ಟೆಗೇ. ಸೋರುತ್ತದೆ ಅಂತ ಸುಮ್ನೆ ಹೆದರಬೇಡಿ. ಹತ್ತು ಸೆಕೆಂಡಲ್ಲಿ ತೆರೆಯುತ್ತದೆ, ಗಂಟೆಗೆ 50 ಕಿಮೀ ವೇಗದಲ್ಲಿ ಹೋಗುತ್ತಿದ್ದರೂ ಮುಚ್ಚಬಹುದು, ದಿಢೀರ್ ಮಳೆ ಬಂದರೆ ಅದಕ್ಕಿಂತ ಇನ್ನೇನು ಬೇಕು! ಟಾಪ್ ತೆರೆದರೂ ಡಿಕ್ಕಿ 281 ಲೀಟರೇ. ಹಳೆಯದರಲ್ಲಿ 310 ಇದ್ದದ್ದು ಟಾಪ್ ಮಡಚಿದರೆ 180ಕ್ಕೆ ಇಳಿಯುತ್ತದೆ, ಇಬ್ಬರ ಬ್ಯಾಗು ಕಷ್ಟ. ಗಟ್ಟಿ ಟಾಪಿನಲ್ಲಿ ಮೋಟಾರು, ಕೀಲುಗಳೂ ಜಾಸ್ತಿ, ಕೆಟ್ಟರೆ ಖರ್ಚೂ ಜಾಸ್ತಿ. ಇಂಥದ್ದೇ ಟಾಪ್ ತೆರೆಯುವ ಕಾರು ಮರ್ಸಿಡಿಸ್ ಎಸ್‌ಎಲ್ ಕೂಡ 2021ರಲ್ಲಿ ಬಟ್ಟೆಗೇ ಮರಳಿತು, ತೂಕ 21 ಕೆಜಿ ಇಳಿಯಿತು.

ಯಾವುದೇ ಆಗಲಿ, ಕೊಳ್ಳುವ ಮುಂಚೆ ಗಾಜಿನ ಮೇಲಿನ ರಬ್ಬರನ್ನು ಬೆರಳಲ್ಲಿ ಒತ್ತಿ ನೋಡಿ. ಒಣಗಿ ಬಿರುಕು ಬಿಟ್ಟಿದ್ದರೆ ಬೇಡ. ಸೀಟಿನ ಹಿಂದಿನ ಕಾರ್ಪೆಟ್ ಮುಟ್ಟಿ, ತಣ್ಣಗಿದ್ದರೆ ನೀರು ಹೋಗುವ ತೂತು ಕಟ್ಟಿರಬಹುದು.