ಟ್ರೆವೆಲಿಯನ್‌ನ ಜೋಳ ಯಾವುದು?

ಪ್ರಶ್ನೆ: ಐರ್ಲೆಂಡ್ ಆಡುವ ಪಂದ್ಯಗಳಲ್ಲಿ ಪ್ರೇಕ್ಷಕರು ಹಾಡುವ ‘ದ ಫೀಲ್ಡ್ಸ್ ಆಫ್ ಅಥೆನ್‌ರೈ’ 1840ರ ದಶಕದ ಐರಿಶ್ ಬರಗಾಲದ ಕಾಲದ ಜಾನಪದ ಹಾಡೇ? ಅದರಲ್ಲಿ ಬರುವ ‘ಟ್ರೆವೆಲಿಯನ್‌ನ ಕಾರ್ನ್’ ಏನು?

ಉತ್ತರ: ಜಾನಪದವಲ್ಲ, ಹಾಗೆ ಕೇಳಿಸುತ್ತದೆ ಅಷ್ಟೆ. ಡಬ್ಲಿನ್‌ನ ಪೀಟ್ ಸೇಂಟ್ ಜಾನ್ 1970ರ ದಶಕದಲ್ಲಿ ಬರೆದದ್ದು. ಟ್ರೆವೆಲಿಯನ್ ಮಾತ್ರ ನಿಜವಾದ ವ್ಯಕ್ತಿ; ಲಂಡನ್ ಖಜಾನೆಯಲ್ಲಿ ಕೂತು ಪರಿಹಾರದ ಹಣಕ್ಕೆ ಬಿಗಿ ಹಿಡಿದ ಅಧಿಕಾರಿ. (1859ರಲ್ಲಿ ಮದ್ರಾಸಿಗೆ ಗವರ್ನರ್ ಆಗಿ ಬಂದ. ಆಗ ಮಂಗಳೂರು, ಬಳ್ಳಾರಿ ಎರಡೂ ಅವನ ಆಡಳಿತದಲ್ಲೇ ಇದ್ದವು!)

ಕಾರ್ನ್ ಎಂದರೆ ಇಲ್ಲಿ ಮೆಕ್ಕೆಜೋಳ. ಆಲೂಗಡ್ಡೆ ಕೊಳೆತ 1845ರಲ್ಲಿ ಬ್ರಿಟನ್ ಪ್ರಧಾನಿ ಪೀಲ್ ಅಮೆರಿಕದಿಂದ 1,00,000 ಪೌಂಡ್ ಬೆಲೆಯಷ್ಟು ತರಿಸಿದ. ಲೆಕ್ಕದಲ್ಲಿ ಅದು ಪೀಲನ ಜೋಳವೇ. ಕಲ್ಲಿನಂತೆ ಒಣಗಿದ್ದ ಕಾಳನ್ನು ಎರಡು ಸಲ ಬೀಸಬೇಕಿತ್ತು. ಅಂಥ ಗಿರಣಿಗಳು ಅಲ್ಲಿ ಕಡಿಮೆ. ತರಿಯನ್ನೇ ಅರೆಬೇಯಿಸಿ ಉಂಡವರಿಗೆ ಹೊಟ್ಟೆನೋವು, ಭೇದಿ. ಹಳದಿ ಬಣ್ಣ ನೋಡಿ ಜನ ‘ಪೀಲನ ಗಂಧಕ’ ಎಂದು ಬೈದರು.

ಪ್ರಶ್ನೆ: ನ್ಯೂಯಾರ್ಕಿನ ಐರಿಶ್ ಬರಗಾಲ ಸ್ಮಾರಕದ ಹೊಲ ಕಾಲು ಎಕರೆಯೇ ಏಕೆ?

ಉತ್ತರ: 1847ರ ಕಾನೂನಿನಲ್ಲಿ ಕಾಲು ಎಕರೆಗಿಂತ ಹೆಚ್ಚು ಜಮೀನು ಇಟ್ಟುಕೊಂಡವನಿಗೆ ಪರಿಹಾರವಿಲ್ಲ. ಗಂಜಿ ಬೇಕಾದರೆ ಹೊಲ ಬಿಡಬೇಕು. ಸ್ಮಾರಕದಲ್ಲಿ ನಿಲ್ಲಿಸಿರುವ ಸೂರಿಲ್ಲದ ಕಲ್ಲುಮನೆ ಮೇಯೊ ಕೌಂಟಿಯಿಂದ ತಂದದ್ದು.